ತೈಲ-ಅನಿಲದ ಕೆಲಸಕ್ಕೆ ಹೋಗಬೇಕೆಂದರೆ ಕಾಲೇಜಿನಲ್ಲಿ ಏನೇನು ಓದಬೇಕು?

"ಆಯಿಲ್ ಅಂಡ್ ಗ್ಯಾಸ್‌ನಲ್ಲಿ ಕೆಲಸ ಮಾಡಬೇಕು ಅಂತಿದ್ದೇನೆ, ಪೆಟ್ರೋಲಿಯಂ ಎಂಜಿನಿಯರಿಂಗ್ ತಗೊಳ್ಳಲಾ?" ಹೀಗೆ ಕೇಳುವವರ ಕಣ್ಣೆದುರು ಸಾಮಾನ್ಯವಾಗಿ ಒಂದೇ ಚಿತ್ರ ಇರುತ್ತದೆ. ಸಮುದ್ರದ ನಡುವೆ ಕಬ್ಬಿಣದ ಅಟ್ಟ, ತಲೆಗೆ ಹೆಲ್ಮೆಟ್, ಕೈತುಂಬ ಸಂಬಳ. ಆ ಚಿತ್ರ ಸುಳ್ಳೇನಲ್ಲ. ಆದರೆ ಅದು ಉದ್ಯಮದ ಒಂದು ಮೂಲೆ ಅಷ್ಟೇ. ಕಲ್ಲು ಓದುವವರು, ಪೈಪ್ ತುಕ್ಕು ಹಿಡಿಯದಂತೆ ನೋಡಿಕೊಳ್ಳುವವರು, ಕಂಪ್ಯೂಟರ್ ಮುಂದೆ ಕೂತು ಬಾವಿಯ ಭವಿಷ್ಯ ಲೆಕ್ಕ ಹಾಕುವವರು, ಒಪ್ಪಂದ ಬರೆಯುವವರು, ಎಲ್ಲರೂ ಇದೇ ಉದ್ಯಮದವರು.

ಹಾಗಾಗಿ ಕೋರ್ಸ್ ಪಟ್ಟಿ ಕೊಡುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ನನ್ನ ಪ್ರಕಾರ ಈ ಇಡೀ ಉದ್ಯಮವೇ ಒತ್ತಡವನ್ನು ಸಂಭಾಳಿಸುವ ಕೆಲಸ. (ತಲೆಯೊಳಗಿನ ಒತ್ತಡವೂ ಇದೆ, ಅದು ಬೇರೆ ವಿಷಯ.) ನೆಲದಡಿಯ ಒತ್ತಡ ತೈಲವನ್ನು ಮೇಲಕ್ಕೆ ತಳ್ಳುತ್ತದೆ. ಅದೇ ಒತ್ತಡ ಕೈತಪ್ಪಿದರೆ ಜನ ಸಾಯುತ್ತಾರೆ. ಕಡಿಮೆಯಾದರೆ ಬಾವಿ ನಿಲ್ಲುತ್ತದೆ. ಯಾವ ಕೋರ್ಸ್ ತಗೊಂಡರೂ "ಇದು ನನಗೆ ಒತ್ತಡದ ಬಗ್ಗೆ ಏನು ಹೇಳಿಕೊಡುತ್ತದೆ?" ಎಂದು ಕೇಳಿಕೊಳ್ಳಿ. ಬೇಕಾದದ್ದು ಯಾವುದು, ಬೇಡದ್ದು ಯಾವುದು ಎನ್ನುವುದು ಅರ್ಧದಷ್ಟು ಅಲ್ಲೇ ಗೊತ್ತಾಗುತ್ತದೆ.

ಹೆಜ್ಜೆ 1: ಡಿಗ್ರಿ ಆಮೇಲೆ, ಕೆಲಸ ಮೊದಲು

ಉದ್ಯಮವನ್ನು ಮೂರು ಭಾಗ ಮಾಡಿ ನೋಡುವುದು ವಾಡಿಕೆ. ತೈಲ ಹುಡುಕಿ, ಬಾವಿ ಕೊರೆದು, ಮೇಲೆ ತರುವವರೆಗಿನದು ಅಪ್‌ಸ್ಟ್ರೀಮ್. ಪೈಪ್‌ಲೈನ್, ಹಡಗು, ಟ್ಯಾಂಕ್ ಇವೆಲ್ಲ ಮಿಡ್‌ಸ್ಟ್ರೀಮ್. ರಿಫೈನರಿ, ಪೆಟ್ರೋಕೆಮಿಕಲ್, ಮಾರಾಟ ಇವು ಡೌನ್‌ಸ್ಟ್ರೀಮ್.

ತೈಲ ಎಲ್ಲಿದೆ ಎಂದು ಹುಡುಕುವ ಆಸೆ ಇದ್ದರೆ ಭೂವಿಜ್ಞಾನ ಅಥವಾ ಭೂಭೌತಶಾಸ್ತ್ರ ಓದಿ. ಬಾವಿ ಕೊರೆಯುವುದು, ಉತ್ಪಾದನೆ ಇಷ್ಟವಾದರೆ ಪೆಟ್ರೋಲಿಯಂ ಅಥವಾ ಮೆಕ್ಯಾನಿಕಲ್. ರಿಫೈನರಿಗೆ ಕೆಮಿಕಲ್. ಪೈಪ್‌ಲೈನ್‌ಗೆ ಮೆಕ್ಯಾನಿಕಲ್, ಸಿವಿಲ್, ಮೆಟಲರ್ಜಿ. ಎಲ್ಲ ಕಡೆಯೂ ಬೇಕಾಗುವವರು ಎಲೆಕ್ಟ್ರಿಕಲ್ ಮತ್ತು ಇನ್‌ಸ್ಟ್ರುಮೆಂಟೇಶನ್‌ನವರು. ಇವರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ, ಆದರೆ ಇವರಿಲ್ಲದೆ ಒಂದು ವಾಲ್ವ್ ಕೂಡ ದೂರದಿಂದ ತೆರೆಯುವುದಿಲ್ಲ.

ಒಂದು ಸುಲಭದ ಕೆಲಸ ಮಾಡಿ. ನಿಮಗೆ ಇಷ್ಟವಾದ ಹುದ್ದೆಯ ಹತ್ತು ಹದಿನೈದು ಜಾಹೀರಾತುಗಳನ್ನು ಓದಿ. ಅವುಗಳಲ್ಲಿ ಮತ್ತೆ ಮತ್ತೆ ಬರುವ ಪದಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆಮೇಲೆ ಕಾಲೇಜಿನ ಸಿಲೆಬಸ್ ಪಕ್ಕದಲ್ಲಿಟ್ಟು ಹೋಲಿಸಿ. ಕಾಲೇಜಿನ ಹೆಸರು ನೋಡಿ ಸೇರುವುದಕ್ಕಿಂತ ಈ ಅರ್ಧ ದಿನದ ಕೆಲಸ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಪೆಟ್ರೋಲಿಯಂ ಎಂಜಿನಿಯರಿಂಗ್ ತಗೊಳ್ಳಬೇಕೋ ಬೇಡವೋ? ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟು ಅನಿಸಬಹುದು. ಈ ಉದ್ಯಮದಲ್ಲಿ ಬೆಲೆ ಜೋಕಾಲಿ ಇದ್ದ ಹಾಗೆ. 1986ರಲ್ಲಿ ಕುಸಿಯಿತು, 2014ರ ಕೊನೆಗೆ ಮತ್ತೆ ಕುಸಿಯಿತು. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ವಾಯಿದಾ ಬೆಲೆ ಬ್ಯಾರಲ್‌ಗೆ ಸೊನ್ನೆಗಿಂತ 37 ಡಾಲರ್ ಕೆಳಗೆ ಹೋಯಿತು. ಅಂದರೆ ಸರಕು ಒಯ್ಯುವವನಿಗೇ ದುಡ್ಡು ಕೊಡುವ ಪರಿಸ್ಥಿತಿ. ಡಿಗ್ರಿ ಮುಗಿಯಲು ನಾಲ್ಕು ವರ್ಷ ಬೇಕು. ಬೆಲೆ ಏರಿದ್ದಾಗ ಎಲ್ಲರೂ ಒಟ್ಟಿಗೆ ಸೇರುತ್ತಾರೆ, ಎಲ್ಲರೂ ಒಟ್ಟಿಗೆ ಹೊರಬರುತ್ತಾರೆ, ಅಷ್ಟು ಹೊತ್ತಿಗೆ ಬೆಲೆ ಬಿದ್ದಿರುತ್ತದೆ. ಹಾಗಾಗಿ ಗಟ್ಟಿ ಮನಸ್ಸು ಇಲ್ಲದವರಿಗೆ ನಾನು ಹೇಳುವುದು ಇಷ್ಟೇ: ಮೆಕ್ಯಾನಿಕಲ್ ಅಥವಾ ಕೆಮಿಕಲ್ ಓದಿ, ಅದರ ಜೊತೆ ನಾಲ್ಕೈದು ಪೆಟ್ರೋಲಿಯಂ ವಿಷಯಗಳನ್ನು ಐಚ್ಛಿಕವಾಗಿ ಸೇರಿಸಿಕೊಳ್ಳಿ. ಬಾವಿ, ಬಂಡೆ ಎಂದರೆ ಪ್ರಾಣ ಅನ್ನುವವರು ಪೆಟ್ರೋಲಿಯಂ ತಗೊಳ್ಳಲಿ. ಅಂಥವರನ್ನು ತಡೆಯುವುದೂ ತಪ್ಪು.

ಹೆಜ್ಜೆ 2: ಮೊದಲ ವರ್ಷದ ಬೇಸರದ ವಿಷಯಗಳನ್ನು ಬಿಡಬೇಡಿ

ಮೊದಲ ವರ್ಷ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ. ಬಾವಿಯ ಹೆಸರೇ ಇರುವುದಿಲ್ಲ. ಸುಮ್ನೆ ಪಾಸಾದರೆ ಸಾಕು ಎಂದು ತುಂಬ ಜನ ಓಡಿಸಿಬಿಡುತ್ತಾರೆ. ಮೂರನೇ ವರ್ಷ ಅದರ ಬಿಲ್ ಬರುತ್ತದೆ.

ಕಲನಶಾಸ್ತ್ರದಲ್ಲಿ ಡಿಫರೆನ್ಷಿಯಲ್ ಸಮೀಕರಣಗಳನ್ನು ಗಟ್ಟಿ ಮಾಡಿಕೊಳ್ಳಿ. ಒಂದು ಬಾವಿ ತೆರೆದಾಗ ನೆಲದಡಿಯ ಒತ್ತಡ ಹೇಗೆ ಹರಡುತ್ತಾ ಇಳಿಯುತ್ತದೆ ಎಂದು ಹೇಳುವ ಸಮೀಕರಣ, ಕಾದ ಕಬ್ಬಿಣದಲ್ಲಿ ಶಾಖ ಹರಡುವ ಸಮೀಕರಣದ ಅಣ್ಣತಮ್ಮ. ಒಂದನ್ನು ಬಿಡಿಸಲು ಬಂದರೆ ಇನ್ನೊಂದೂ ಬಂದಂತೆ.

ಎಲ್ಲರೂ ಕಡೆಗಣಿಸುವ ವಿಷಯ ಸಂಖ್ಯಾಶಾಸ್ತ್ರ. ನೆಲದಡಿ ಎಷ್ಟು ತೈಲ ಇದೆ ಎಂದು ಯಾರೂ ಅಳೆದು ನೋಡಿಲ್ಲ. ಹಾಗಾಗಿ ಉದ್ಯಮದಲ್ಲಿ ಒಂದೇ ಸಂಖ್ಯೆ ಹೇಳುವುದಿಲ್ಲ. ಪಿ90, ಪಿ50, ಪಿ10 ಎಂದು ಮೂರು ಹೇಳುತ್ತಾರೆ. ಪಿ90 ಎಂದರೆ ಕನಿಷ್ಠ ಇಷ್ಟಾದರೂ ಸಿಗುವ ಸಾಧ್ಯತೆ ನೂರಕ್ಕೆ 90. ಹಾಗಾಗಿ ಅದು ಮೂರರಲ್ಲಿ ಚಿಕ್ಕ ಸಂಖ್ಯೆ. ಹೊಸಬರು ಇದನ್ನು ಉಲ್ಟಾ ಹೇಳಿ ಸಂದರ್ಶನದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ರಸಾಯನದಲ್ಲಿ ಇಂಗಾಲದ ಸರಪಳಿ ಮುಖ್ಯ. ಒಂದರಿಂದ ನಾಲ್ಕು ಇಂಗಾಲ ಇದ್ದರೆ ಸಾಮಾನ್ಯ ತಾಪಮಾನದಲ್ಲಿ ಅನಿಲ, ಐದರಿಂದ ಮೇಲಕ್ಕೆ ದ್ರವ, ಸರಪಳಿ ಇನ್ನೂ ಉದ್ದವಾದರೆ ಮೇಣ, ಡಾಂಬರು. ರಿಫೈನರಿ ಮಾಡುವುದು ಈ ಸರಪಳಿಗಳನ್ನು ಬೇರ್ಪಡಿಸುವ, ಕತ್ತರಿಸುವ, ಜೋಡಿಸುವ ಕೆಲಸವನ್ನೇ.

ಇನ್ನು ಅಳತೆಗಳು. ಇದಕ್ಕೆ ಯಾವ ಕಾಲೇಜಿನಲ್ಲೂ ಪ್ರತ್ಯೇಕ ಕೋರ್ಸ್ ಇರುವುದಿಲ್ಲ, ಆದರೆ ಇರಬೇಕಿತ್ತು. ನಾವು ಮೀಟರ್, ಕಿಲೋಗ್ರಾಂ, ಪ್ಯಾಸ್ಕಲ್ ಕಲಿತು ಬಂದಿರುತ್ತೇವೆ. ಬಾವಿ ಕೊರೆಯುವ ರಿಗ್ ಮೇಲೆ ಹೋದರೆ ಅಡಿ, ಪೌಂಡ್, ಗ್ಯಾಲನ್, ಒತ್ತಡಕ್ಕೆ ಪಿಎಸ್‌ಐ (ಒಂದು ಚದರ ಇಂಚಿನ ಮೇಲೆ ಇಷ್ಟು ಪೌಂಡ್). ಒಂದು ಬ್ಯಾರಲ್ ಎಂದರೆ 42 ಅಮೆರಿಕನ್ ಗ್ಯಾಲನ್, ಸುಮಾರು 159 ಲೀಟರ್. ತೈಲ ಎಷ್ಟು ಹಗುರ ಎಂದು ಹೇಳಲು ಎಪಿಐ ಡಿಗ್ರಿ. ಅದರಲ್ಲಿ ನೀರಿಗೆ 10. ಸಂಖ್ಯೆ ದೊಡ್ಡದಾದಷ್ಟು ತೈಲ ಹಗುರ, ತಲೆಕೆಳಗು ಅನಿಸುತ್ತದೆ ಅಲ್ವಾ? 1999ರಲ್ಲಿ ಮಂಗಳ ಗ್ರಹಕ್ಕೆ ಹೋದ ಒಂದು ನೌಕೆ ಕಳೆದುಹೋದದ್ದು ಒಂದು ತಂಡ ಪೌಂಡ್ ಲೆಕ್ಕದಲ್ಲಿ, ಇನ್ನೊಂದು ತಂಡ ನ್ಯೂಟನ್ ಲೆಕ್ಕದಲ್ಲಿ ಇದ್ದದ್ದರಿಂದ. ತೈಲ ಬಾವಿಗೂ ಆ ಗ್ರಹಚಾರ ಬರಬಹುದು.

ಒಂದು ಲೆಕ್ಕ ಮಾಡಿ ನೋಡೋಣ. ಬಾವಿ ಕೊರೆಯುವಾಗ ಕೊಳವೆಯೊಳಗೆ ಮಡ್ ಎನ್ನುವ ಕೆಸರಿನಂಥ ದ್ರವ ಹರಿಸುತ್ತಾರೆ. ಅದು ಪುಡಿಯಾದ ಕಲ್ಲನ್ನು ಮೇಲೆ ತರುತ್ತದೆ, ಕಲ್ಲು ಕೊರೆಯುವ ತುದಿಯಾದ ಬಿಟ್ ಅನ್ನು ತಣ್ಣಗಿಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ತನ್ನ ಭಾರದಿಂದ ನೆಲದಡಿಯ ಒತ್ತಡವನ್ನು ಅದುಮಿ ಹಿಡಿಯುತ್ತದೆ. ಮಡ್‌ನ ಒತ್ತಡ ಪಿಎಸ್‌ಐನಲ್ಲಿ ಬೇಕಾದರೆ 0.052 ಗುಣಿಸು ಮಡ್ ತೂಕ (ಗ್ಯಾಲನ್‌ಗೆ ಇಷ್ಟು ಪೌಂಡ್ ಎಂದು) ಗುಣಿಸು ಆಳ (ಅಡಿಯಲ್ಲಿ). 10,000 ಅಡಿ ಆಳ, 10 ಪೌಂಡ್‌ನ ಮಡ್ ಇದ್ದರೆ 5,200 ಪಿಎಸ್‌ಐ. ಆ ಆಳದ ಬಂಡೆಯೊಳಗಿನ ಉಪ್ಪುನೀರಿನ ಸಾಮಾನ್ಯ ಒತ್ತಡ ಅಡಿಗೆ 0.465 ಪಿಎಸ್‌ಐ ಲೆಕ್ಕದಲ್ಲಿ 4,650. ಮಡ್ 550ರಷ್ಟು ಮೇಲುಗೈ, ಬಾವಿ ಸುಮ್ಮನಿರುತ್ತದೆ. ಆದರೆ ಹೆಚ್ಚುಕಡಿಮೆ ಅದೇ ಆಳದಲ್ಲಿ ಕೊರೆಯುತ್ತಿದ್ದಾಗ 5,500 ಪಿಎಸ್‌ಐ ಇರುವ ಪದರ ಸಿಕ್ಕಿತು ಎನ್ನಿ. ಈಗ ಕೆಳಗಿನಿಂದ ಅನಿಲ ಬಾವಿಯೊಳಗೆ ನುಗ್ಗುತ್ತದೆ. ಇದಕ್ಕೆ ಕಿಕ್ ಎನ್ನುತ್ತಾರೆ. 5,500ನ್ನು 520ರಿಂದ (0.052 ಗುಣಿಸು 10,000) ಭಾಗಿಸಿ, ಸುಮಾರು 10.6. ಅಂದರೆ ಮಡ್ ತೂಕ ಕನಿಷ್ಠ ಅಲ್ಲಿಗೆ ಏರಬೇಕು, ಅದರ ಮೇಲೆ ಸ್ವಲ್ಪ ಸುರಕ್ಷತೆಗೆ. ಹಾಗೆಂದು ಸಿಕ್ಕಾಪಟ್ಟೆ ಏರಿಸಿದರೆ ಬಂಡೆಯೇ ಬಿರುಕು ಬಿಟ್ಟು ಮಡ್ ಸೋರಿಹೋಗುತ್ತದೆ.

ಆ 0.052 ಎಲ್ಲಿಂದ ಬಂತು? ಒಂದು ಚದರ ಇಂಚು ಅಗಲ, ಒಂದು ಅಡಿ ಎತ್ತರದ ಕಂಬದಲ್ಲಿ 12 ಘನ ಇಂಚು. ಒಂದು ಗ್ಯಾಲನ್‌ನಲ್ಲಿ 231 ಘನ ಇಂಚು. 12ನ್ನು 231ರಿಂದ ಭಾಗಿಸಿದರೆ ಅದೇ ಸಂಖ್ಯೆ. ಬಾಯಿಪಾಠ ಮಾಡಿದವನಿಗೂ ಎಲ್ಲಿಂದ ಬಂತು ಎಂದು ಗೊತ್ತಿರುವವನಿಗೂ ಇರುವ ವ್ಯತ್ಯಾಸ ಸಂದರ್ಶನದಲ್ಲಿ ಎರಡು ನಿಮಿಷಕ್ಕೆ ಹೊರಬೀಳುತ್ತದೆ.

ಹೆಜ್ಜೆ 3: ಕಲ್ಲಿನ ಪರಿಚಯ ಮಾಡಿಕೊಳ್ಳಿ

ನೀವು ಭೂವಿಜ್ಞಾನ ಓದದಿದ್ದರೂ ಒಂದು ಸೆಮಿಸ್ಟರ್ ಅದರ ಕೋರ್ಸ್ ತಗೊಳ್ಳಿ. ನೆಲದಡಿ ತೈಲ ಕೆರೆಯ ಹಾಗೆ ನಿಂತಿದೆ ಎಂದು ತುಂಬ ಜನ ತಿಳಿದಿರುತ್ತಾರೆ. ಹಾಗಿಲ್ಲ. ಮರಳುಗಲ್ಲಿನ ಕಣಗಳ ನಡುವಿನ ಸಣ್ಣ ಸಂದುಗಳಲ್ಲಿ ತೈಲ ಅಡಗಿರುತ್ತದೆ. ಒಳ್ಳೆಯ ಮರಳುಗಲ್ಲಿನಲ್ಲಿ ಆ ಸಂದುಗಳ ಪಾಲು ನೂರಕ್ಕೆ 20ರ ಆಸುಪಾಸು. ಇದು ಪೊರಾಸಿಟಿ. ಸಂದುಗಳು ಒಂದಕ್ಕೊಂದು ಸೇರಿ ದಾರಿ ಬಿಡುತ್ತವೆಯೇ ಎನ್ನುವುದು ಪರ್ಮಿಯಬಿಲಿಟಿ. ಮೊದಲನೆಯದು ಎಷ್ಟಿದೆ ಎಂದು ಹೇಳುತ್ತದೆ, ಎರಡನೆಯದು ಎಷ್ಟು ಬೇಗ ಸಿಗುತ್ತದೆ ಎಂದು.

ಪರ್ಮಿಯಬಿಲಿಟಿಯ ಅಳತೆಗೆ ಡಾರ್ಸಿ ಎಂದು ಹೆಸರು. ಹೆನ್ರಿ ಡಾರ್ಸಿ ಫ್ರಾನ್ಸ್‌ನ ಡಿಜಾನ್ ಊರಿಗೆ ಕುಡಿಯುವ ನೀರಿನ ವ್ಯವಸ್ಥೆ ಮಾಡಿದ ಎಂಜಿನಿಯರ್. ಮರಳಿನ ಮೂಲಕ ನೀರು ಹೇಗೆ ಇಳಿಯುತ್ತದೆ ಎಂದು ಪ್ರಯೋಗ ಮಾಡಿ 1856ರಲ್ಲಿ ಪ್ರಕಟಿಸಿದ. ತೈಲಕ್ಕಾಗಿಯೇ ಕೊರೆದ ಎಡ್ವಿನ್ ಡ್ರೇಕ್‌ನ ಪ್ರಸಿದ್ಧ ಬಾವಿ ಪೆನ್ಸಿಲ್ವೇನಿಯಾದಲ್ಲಿ ತೈಲ ಕೊಟ್ಟದ್ದು 1859ರಲ್ಲಿ. ಅಂದರೆ ಇಡೀ ಉದ್ಯಮ ಇವತ್ತಿಗೂ ನಂಬಿರುವ ನಿಯಮ ಮೊದಲೇ ನೀರಿನ ಫಿಲ್ಟರ್‌ನಿಂದ ಬಂದಿತ್ತು. ಮೂಲ ವಿಷಯ ಗಟ್ಟಿ ಮಾಡಿಕೊಳ್ಳಿ ಎಂದು ನಾನು ಕೊರೆಯುತ್ತಿರುವುದು ಇದಕ್ಕೇ.

ಈ ಕೋರ್ಸ್‌ನಲ್ಲಿ ನಾಲ್ಕು ಸಂಗತಿ ಮನಸ್ಸಿಗೆ ಇಳಿದರೆ ಸಾಕು. ತೈಲ ಹುಟ್ಟುವ ಬಂಡೆ, ತೈಲ ಕೂರುವ ಬಂಡೆ, ಮೇಲೆ ಮುಚ್ಚಳವಾಗುವ ಬಂಡೆ, ಮತ್ತು ತೈಲ ಜಾರಿಹೋಗದಂತೆ ಹಿಡಿದಿಡುವ, ಬಂಡೆಪದರದ ಮಡಿಕೆ ಅಥವಾ ಸೀಳು. ಇವುಗಳಲ್ಲಿ ಒಂದು ಕೈಕೊಟ್ಟರೂ ಕೊರೆದ ಬಾವಿ ಒಣ ಬಾವಿ. ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್ ನಡುವೆ ಬೆಂದ ಬಂಡೆ ತೈಲ ಕೊಡುತ್ತದೆ, ಅದಕ್ಕಿಂತ ಜಾಸ್ತಿ ಬೆಂದರೆ ಅನಿಲ. ಅಡುಗೆಯ ಹದದ ಹಾಗೆಯೇ. ಕಾಲೇಜಿನವರು ಬಂಡೆ ನೋಡಲು ಹೊರಗೆ ಕರೆದುಕೊಂಡು ಹೋದರೆ ತಪ್ಪಿಸಿಕೊಳ್ಳಬೇಡಿ. ಪುಸ್ತಕದಲ್ಲಿ ಗೆರೆಯಾಗಿ ಕಾಣುವ ಪದರ ನಿಜದಲ್ಲಿ ಹೇಗೆ ತೆಳುವಾಗಿ ಮಾಯವಾಗುತ್ತದೆ ಎಂದು ಒಮ್ಮೆ ಕಣ್ಣಾರೆ ನೋಡಬೇಕು.

ಹೆಜ್ಜೆ 4: ಎರಡನೇ ವರ್ಷದ ಮೂರು ಕಂಬಗಳು

ಫ್ಲೂಯಿಡ್ ಮೆಕ್ಯಾನಿಕ್ಸ್, ಥರ್ಮೋಡೈನಮಿಕ್ಸ್, ಸ್ಟ್ರೆಂತ್ ಆಫ್ ಮೆಟೀರಿಯಲ್ಸ್. ಯಾವ ಬ್ರಾಂಚ್ ಆದರೂ ಈ ಮೂರರಲ್ಲಿ ಒಳ್ಳೆಯ ಅಂಕ ಇರಲಿ.

ಮೊದಲನೆಯದು ಪೈಪ್‌ನೊಳಗೆ ದ್ರವ ಹರಿಯುವಾಗ ಒತ್ತಡ ಎಷ್ಟು ಕಳೆದುಹೋಗುತ್ತದೆ ಎಂದು ಹೇಳುತ್ತದೆ. ಪೈಪ್‌ಲೈನ್‌ನವರ ಅನ್ನವೇ ಅದು. ಮೂರನೆಯದು ಅಷ್ಟು ಒತ್ತಡಕ್ಕೆ ಪೈಪ್ ತಡೆಯುತ್ತದೋ ಒಡೆಯುತ್ತದೋ ಎಂದು ಹೇಳುತ್ತದೆ.

ಥರ್ಮೋಡೈನಮಿಕ್ಸ್ ಬಗ್ಗೆ ಇನ್ನೊಂದು ಮಾತು. ಸೋಡಾ ಬಾಟಲಿ ಮುಚ್ಚಿದ್ದಾಗ ಗುಳ್ಳೆ ಕಾಣುವುದಿಲ್ಲ. ಮುಚ್ಚಳ ತೆಗೆದ ಕೂಡಲೇ ಬುಸ್ಸೆಂದು ಅನಿಲ ಬಿಡುತ್ತದೆ. ನೆಲದಡಿಯ ತೈಲವೂ ಹಾಗೇ. ಒತ್ತಡ ಒಂದು ಮಟ್ಟಕ್ಕಿಂತ ಇಳಿದರೆ ತೈಲದೊಳಗೆ ಕರಗಿದ್ದ ಅನಿಲ ಬೇರೆಯಾಗುತ್ತದೆ. ಆ ಮಟ್ಟ ಬಬಲ್ ಪಾಯಿಂಟ್. ಅನಿಲ ತೈಲಕ್ಕಿಂತ ಚುರುಕು, ಸಂದುಗಳಲ್ಲಿ ಮುಂದೆ ನುಗ್ಗಿ ಹೊರಗೆ ಹೋಗಿಬಿಡುತ್ತದೆ. ತಳ್ಳುವ ಶಕ್ತಿ ಹೋಯಿತು, ದಪ್ಪ ತೈಲ ಕೆಳಗೇ ಉಳಿಯಿತು. ದುಡ್ಡಿನ ಆಸೆಗೆ ಬಾವಿಯನ್ನು ಮೊದಲ ವರ್ಷವೇ ಪೂರ್ತಿ ತೆರೆದುಬಿಟ್ಟರೆ ಆಗುವ ನಷ್ಟ ಇದು. ಪಿವಿಟಿ (ಒತ್ತಡ, ಗಾತ್ರ, ತಾಪಮಾನ) ಅಥವಾ ಫೇಸ್ ಬಿಹೇವಿಯರ್ ಎನ್ನುವ ಹೆಸರಿನ ಪಾಠ ಬಂದಾಗ ಆ ಬಾಟಲಿ ನೆನಪಿಟ್ಟುಕೊಳ್ಳಿ.

ಹೆಜ್ಜೆ 5: ಮೂರನೇ ವರ್ಷ, ನಿಮ್ಮ ದಾರಿ

ಇಲ್ಲಿಂದ ದಾರಿ ಕವಲೊಡೆಯುತ್ತದೆ. ಬಾವಿಯ ಕಡೆ ಹೋಗುವವರು ನಾಲ್ಕು ವಿಷಯ ಓದಬೇಕು. ಡ್ರಿಲ್ಲಿಂಗ್, ವೆಲ್ ಲಾಗಿಂಗ್, ರಿಸರ್ವಾಯರ್ ಎಂಜಿನಿಯರಿಂಗ್, ಪ್ರೊಡಕ್ಷನ್ ಎಂಜಿನಿಯರಿಂಗ್.

ಡ್ರಿಲ್ಲಿಂಗ್ ಬಗ್ಗೆ ಆಗಲೇ ಹೇಳಿದೆ, ಮಡ್ ಲೆಕ್ಕವೇ ಅದರ ಜೀವ. ಲಾಗಿಂಗ್ ಎಂದರೆ ಕೊರೆದ ಬಾವಿಯೊಳಗೆ ಉಪಕರಣ ಇಳಿಸಿ ಬಂಡೆಯ ಗುಣ ಅಳೆಯುವುದು. 1927ರಲ್ಲಿ ಫ್ರಾನ್ಸ್‌ನ ಪೆಶೆಲ್‌ಬ್ರಾನ್‌ನಲ್ಲಿ ಶ್ಲಂಬರ್ಜೆ ಸಹೋದರರ ತಂಡ ಮೊದಲ ಬಾರಿ ಬಾವಿಯೊಳಗೆ ವಿದ್ಯುತ್ ಲಾಗ್ ತೆಗೆಯಿತು. ಅದರ ಹಿಂದಿನ ತರ್ಕ ಸರಳ. ಉಪ್ಪುನೀರು ವಿದ್ಯುತ್ತಿಗೆ ದಾರಿ ಬಿಡುತ್ತದೆ, ತೈಲ ಬಿಡುವುದಿಲ್ಲ. 1942ರಲ್ಲಿ ಗಸ್ ಆರ್ಚಿ ಇದಕ್ಕೆ ಒಂದು ಸಮೀಕರಣ ಕೊಟ್ಟ. ಇವತ್ತಿಗೂ ಲಾಗಿಂಗ್ ಪರೀಕ್ಷೆಯಲ್ಲಿ ಆ ಸಮೀಕರಣ ಇಲ್ಲದ ಪ್ರಶ್ನೆಪತ್ರಿಕೆ ಸಿಗುವುದು ಕಷ್ಟ.

ರಿಸರ್ವಾಯರ್ ಎಂಜಿನಿಯರಿಂಗ್ ನನ್ನ ಮೆಚ್ಚಿನ ವಿಷಯ, ಹಾಗಾಗಿ ಪಕ್ಷಪಾತ ಇದೆ ಎಂದೇ ಓದಿಕೊಳ್ಳಿ. ಕಣ್ಣಿಗೆ ಕಾಣದ ಬಂಡೆಯ ಬಗ್ಗೆ, ಅದು ಕೊಟ್ಟ ತೈಲ ಮತ್ತು ಇಳಿದ ಒತ್ತಡ ಇವೆರಡನ್ನೇ ನೋಡಿ, ಒಳಗೆ ಒಟ್ಟು ಎಷ್ಟಿತ್ತು ಎಂದು ಹೇಳುವ ಶಾಸ್ತ್ರ ಇದು. ಜೇಬಿನಿಂದ ತೆಗೆದ ದುಡ್ಡು ಮತ್ತು ಉಳಿದ ಉಬ್ಬು ನೋಡಿ ಜೇಬಿನಲ್ಲಿ ಎಷ್ಟಿತ್ತು ಎಂದು ಹೇಳಿದ ಹಾಗೆ. ಇದರಲ್ಲಿ ಮೆಟೀರಿಯಲ್ ಬ್ಯಾಲೆನ್ಸ್ (ತೆಗೆದದ್ದು, ಉಳಿದದ್ದರ ಲೆಕ್ಕ) ಮತ್ತು ಡಿಕ್ಲೈನ್ ಕರ್ವ್ (ಉತ್ಪಾದನೆ ಇಳಿಯುವ ಗೆರೆ) ಎರಡನ್ನೂ ಕೈಯಲ್ಲೇ ಬಿಡಿಸಲು ಕಲಿಯಿರಿ. ಎರಡನೆಯದರ ಸಮೀಕರಣಗಳು ಜೆ.ಜೆ. ಆರ್ಪ್ಸ್ 1945ರಲ್ಲಿ ಬರೆದದ್ದು. ದಿನಕ್ಕೆ 1,000 ಬ್ಯಾರಲ್ ಕೊಡುವ ಬಾವಿ ವರ್ಷಕ್ಕೆ ನೂರಕ್ಕೆ 20ರಂತೆ ಇಳಿದರೆ ಮುಂದಿನ ವರ್ಷ 800, ಅದರ ಮುಂದೆ 640. ನೋಡಲು ಇಷ್ಟೇ. ಆದರೆ ಇಳಿತ ಹೀಗೇ ಒಂದೇ ಸಮನೆ ಸಾಗುತ್ತದೋ, ಬರಬರುತ್ತಾ ನಿಧಾನವಾಗುತ್ತದೋ ಎನ್ನುವ ಊಹೆಯ ಮೇಲೆ ಕಂಪನಿಯ ಅರ್ಧ ಬೆಲೆ ನಿಂತಿರುತ್ತದೆ.

ಪ್ರೊಡಕ್ಷನ್ ಎಂದರೆ ಒತ್ತಡ ಸಾಲದೆ ಬಾವಿ ಸುಸ್ತಾದಾಗ ಪಂಪ್ ಇಟ್ಟೋ, ಅನಿಲ ತುಂಬಿಸಿಯೋ ಎತ್ತುವ ಕಲೆ. ಮೆಕ್ಯಾನಿಕಲ್‌ನವರಿಗೆ ಇಲ್ಲಿ ಸುಲಭದ ಬಾಗಿಲಿದೆ.

ರಿಫೈನರಿಯ ಕಡೆ ಹೋಗುವವರು ಡಿಸ್ಟಿಲೇಷನ್, ಹೀಟ್ ಟ್ರಾನ್ಸ್‌ಫರ್, ರಿಯಾಕ್ಷನ್ ಎಂಜಿನಿಯರಿಂಗ್, ಪ್ರೊಸೆಸ್ ಕಂಟ್ರೋಲ್ ಓದಬೇಕು. ಕಚ್ಚಾ ತೈಲವನ್ನು ಸುಮಾರು 350 ಡಿಗ್ರಿಗೆ ಕಾಯಿಸಿ ಎತ್ತರದ ಗೋಪುರಕ್ಕೆ ಬಿಟ್ಟರೆ ಹಗುರವಾದದ್ದು ಮೇಲೆ, ಭಾರವಾದದ್ದು ಕೆಳಗೆ. ಅಲ್ಲಿಂದ ಮುಂದೆ ಎಲ್ಲವೂ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಕ್ಯಾಟಲಿಸ್ಟ್‌ಗಳ ಆಟ. ಪೈಪ್‌ಲೈನ್‌ಗೆ ಹೋಗುವವರಿಗೆ ತುಕ್ಕಿನ ಕೋರ್ಸ್ ಕಡ್ಡಾಯ ಎಂದೇ ತಿಳಿಯಿರಿ, ಜೊತೆಗೆ ವೆಲ್ಡಿಂಗ್.

ಹೆಜ್ಜೆ 6: ಸುರಕ್ಷತೆ ಮತ್ತು ಬರವಣಿಗೆ, ಎರಡೂ ಒಂದೇ ಕೋರ್ಸ್

ಸಿಲೆಬಸ್‌ನಲ್ಲಿ ಇವೆರಡೂ ಬೇರೆ ಬೇರೆ. ಒಂದಕ್ಕೆ ಪ್ರೊಸೆಸ್ ಸೇಫ್ಟಿ ಎಂದು ಹೆಸರು, ಇನ್ನೊಂದಕ್ಕೆ ಟೆಕ್ನಿಕಲ್ ರೈಟಿಂಗ್. ಎರಡನ್ನೂ ವಿದ್ಯಾರ್ಥಿಗಳು ಸುಲಭದ ಕ್ರೆಡಿಟ್ ಎಂದು ತಗೊಳ್ಳುತ್ತಾರೆ. ಅವು ಒಂದೇ ಎಂದು ನಾನು ಯಾಕೆ ಹೇಳುತ್ತಿದ್ದೇನೆ ನೋಡಿ.

1988ರ ಜುಲೈ 6. ಉತ್ತರ ಸಮುದ್ರದ ಪೈಪರ್ ಆಲ್ಫಾ ಪ್ಲಾಟ್‌ಫಾರ್ಮ್. ಒಂದು ಪಂಪ್‌ನ ಸುರಕ್ಷತಾ ವಾಲ್ವ್ ಅನ್ನು ರಿಪೇರಿಗೆ ಬಿಚ್ಚಿದ್ದರು. ಕೆಲಸ ಮುಗಿಯಲಿಲ್ಲ, ಆ ಜಾಗಕ್ಕೆ ತಾತ್ಕಾಲಿಕ ತಟ್ಟೆ ಹಾಕಿ ಮುಚ್ಚಿದರು. ವಾಲ್ವ್ ಇಲ್ಲ ಎನ್ನುವ ಸುದ್ದಿ ರಾತ್ರಿ ಪಾಳಿಯವರಿಗೆ ಮುಟ್ಟಲಿಲ್ಲ. ರಾತ್ರಿ ಇನ್ನೊಂದು ಪಂಪ್ ನಿಂತಾಗ ಅವರು ಈ ಪಂಪ್ ಚಾಲೂ ಮಾಡಿದರು. ಸೋರಿಕೆ, ಸ್ಫೋಟ, ಬೆಂಕಿ. 167 ಜನ ಸತ್ತರು. ಅಲ್ಲಿ ಕೈಕೊಟ್ಟದ್ದರಲ್ಲಿ ಮುಖ್ಯವಾದದ್ದು ಒಂದು ಕಾಗದ ಮತ್ತು ಪಾಳಿ ಬದಲಾಗುವಾಗಿನ ಎರಡು ಮಾತು.

2010ರ ಏಪ್ರಿಲ್ 20, ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್. ಬಾವಿ ಭದ್ರವಾಗಿ ಮುಚ್ಚಿದೆಯೇ ಎಂದು ನೋಡುವ ಪರೀಕ್ಷೆಯಲ್ಲಿ ಡ್ರಿಲ್ ಪೈಪ್‌ನ ಮೀಟರ್ 1,400 ಪಿಎಸ್‌ಐ ತೋರಿಸುತ್ತಿತ್ತು. ಸೊನ್ನೆ ತೋರಿಸಬೇಕಿತ್ತು. ಅದಕ್ಕೆ ಏನೋ ಒಂದು ವಿವರಣೆ ಹುಡುಕಿಕೊಂಡು, ಪರೀಕ್ಷೆ ಸರಿಯಾಗಿದೆ ಎಂದು ಒಪ್ಪಿಕೊಂಡರು. 11 ಜನ ಸತ್ತರು, 87 ದಿನ ತೈಲ ಸಮುದ್ರಕ್ಕೆ ಹರಿಯಿತು. ಮೀಟರ್ ಸುಳ್ಳು ಹೇಳಿರಲಿಲ್ಲ.

ಹಾಗಾಗಿ ಹ್ಯಾಜಾಪ್ ಎನ್ನುವ ಅಪಾಯ ಹುಡುಕುವ ಪದ್ಧತಿ ಕಲಿಯಿರಿ, ಅನುಮತಿ ಪತ್ರ ಇಲ್ಲದೆ ಕೆಲಸ ಶುರು ಮಾಡದ ಪರ್ಮಿಟ್ ವ್ಯವಸ್ಥೆ ಕಲಿಯಿರಿ. ಹೈಡ್ರೋಜನ್ ಸಲ್ಫೈಡ್ ಬಗ್ಗೆ ತಿಳಿದುಕೊಳ್ಳಿ. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ ಎಂದು ಎಲ್ಲರಿಗೂ ಗೊತ್ತು. ಪ್ರಮಾಣ ಜಾಸ್ತಿಯಾದಾಗ ಅದು ಮೊದಲು ಮೂಗನ್ನೇ ಕೊಲ್ಲುತ್ತದೆ, ವಾಸನೆ ನಿಂತಿತೆಂದರೆ ಅನಿಲ ಹೋಯಿತೆಂದು ಅರ್ಥವಲ್ಲ ಎನ್ನುವುದು ಎಷ್ಟು ಜನಕ್ಕೆ ಗೊತ್ತು? ಬರವಣಿಗೆಯ ಕೋರ್ಸ್‌ನಲ್ಲಿ ದೊಡ್ಡ ಪ್ರಬಂಧಕ್ಕಿಂತ ಅರ್ಧ ಪುಟದ ಪಾಳಿ ವರದಿ ಬರೆಯುವ ಅಭ್ಯಾಸ ಮಾಡಿ. ಏನು ಮುಗಿಯಿತು, ಏನು ಉಳಿಯಿತು, ಯಾವುದನ್ನು ಮುಟ್ಟಬಾರದು. ಅದನ್ನು ಓದಿದ ಗೆಳೆಯ ನಿಮ್ಮನ್ನು ಒಂದೂ ಪ್ರಶ್ನೆ ಕೇಳದಂತಿರಬೇಕು.

ಹೆಜ್ಜೆ 7: ದುಡ್ಡಿನ ಲೆಕ್ಕ, ಕಂಪ್ಯೂಟರ್

ಪೆಟ್ರೋಲಿಯಂ ಎಕನಾಮಿಕ್ಸ್ ಒಂದು ಸೆಮಿಸ್ಟರ್ ಸಾಕು. ಇವತ್ತಿನ ನೂರು ಮತ್ತು ಹತ್ತು ವರ್ಷದ ನಂತರದ ನೂರು ಒಂದೇ ಅಲ್ಲ ಎನ್ನುವುದು ಅದರ ತಿರುಳು. ವರ್ಷಕ್ಕೆ ನೂರಕ್ಕೆ 10ರ ಲೆಕ್ಕ ಹಿಡಿದರೆ ಹತ್ತು ವರ್ಷದ ನಂತರ ಬರುವ ನೂರಕ್ಕೆ ಇವತ್ತಿನ ಬೆಲೆ ಸುಮಾರು 39 ಮಾತ್ರ. ಬಾವಿಯಿಂದ ನಿಧಾನಕ್ಕೆ ಜಾಸ್ತಿ ತೈಲ ತೆಗೆಯಿರಿ ಎಂದು ಎಂಜಿನಿಯರ್ ಹೇಳಿದಾಗ ಲೆಕ್ಕದವರು ಯಾಕೆ ಮುಖ ಸಿಂಡರಿಸುತ್ತಾರೆ ಎಂದು ಆಗ ಅರ್ಥವಾಗುತ್ತದೆ.

ಕಂಪ್ಯೂಟರ್ ವಿಷಯಕ್ಕೆ ಬಂದರೆ, ಸ್ಪ್ರೆಡ್‌ಶೀಟ್ ನೀರು ಕುಡಿದಷ್ಟು ಸುಲಭ ಆಗಿರಬೇಕು. ಪೈಥಾನ್ ಸ್ವಲ್ಪ ಬರಲಿ. ನೆಲದಡಿಯ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವ ದೊಡ್ಡ ಸಿಮ್ಯುಲೇಟರ್‌ಗಳನ್ನು ಕಾಲೇಜಿನಲ್ಲಿ ಕಲಿಸಿದರೆ ಒಳ್ಳೆಯದು, ಇಲ್ಲದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಕಂಪನಿಯವರು ಕಲಿಸುತ್ತಾರೆ. ಬಣ್ಣಬಣ್ಣದ ನಕ್ಷೆ ಬಂದ ತಕ್ಷಣ ಉತ್ತರ ಸರಿ ಎಂದು ನಂಬುವ ಚಟ ಮಾತ್ರ ಹತ್ತಿಸಿಕೊಳ್ಳಬೇಡಿ. ಮೊದಲು ಲಕೋಟೆಯ ಹಿಂದೆ ಕೈಲೆಕ್ಕ, ಆಮೇಲೆ ಮೌಸ್.

ಹೆಜ್ಜೆ 8: ಕಾಲೇಜು, ಇಂಟರ್ನ್‌ಶಿಪ್, ಸರ್ಟಿಫಿಕೇಟ್

ಸೇರುವ ಮೊದಲು ಕಾಲೇಜಿನವರನ್ನು ನೇರವಾಗಿ ಕೇಳಿ. ಬಂಡೆಯ ತುಂಡಿನಲ್ಲಿ ಪರ್ಮಿಯಬಿಲಿಟಿ ಅಳೆಯುವ ಲ್ಯಾಬ್ ಇದೆಯೇ? ಮಡ್ ಲ್ಯಾಬ್ ಇದೆಯೇ? ಕೊನೆಯದಾಗಿ ಅದನ್ನು ಯಾವಾಗ ಬಳಸಿದರು? ಕಳೆದ ಮೂರು ಬ್ಯಾಚ್‌ಗಳು ಇಂಟರ್ನ್‌ಶಿಪ್‌ಗೆ ಎಲ್ಲಿ ಹೋದವು? ಉತ್ತರ ಹೇಳಲು ತಡವರಿಸಿದರೆ ಅದೂ ಒಂದು ಉತ್ತರವೇ.

ಸೊಸೈಟಿ ಆಫ್ ಪೆಟ್ರೋಲಿಯಂ ಎಂಜಿನಿಯರ್ಸ್ ಸಂಸ್ಥೆಗೆ ಹಲವು ಕಾಲೇಜುಗಳಲ್ಲಿ ವಿದ್ಯಾರ್ಥಿ ಘಟಕಗಳಿವೆ. ಸೇರಿಕೊಳ್ಳಿ. ಎರಡನೇ ವರ್ಷದ ರಜೆಯಲ್ಲೇ ಎಲ್ಲಾದರೂ ಕೆಲಸ ಕಲಿಯಲು ಹೋಗಿ. ರಿಗ್ ಸಿಗದಿದ್ದರೆ ಪಂಪ್ ರಿಪೇರಿ ಶಾಪ್, ವೆಲ್ಡಿಂಗ್ ಪರೀಕ್ಷಿಸುವವರ ಹತ್ತಿರ, ನೀರು ಶುದ್ಧೀಕರಣ ಘಟಕ, ಯಾವುದಾದರೂ ಸರಿ. ಕೈ ಎಣ್ಣೆಯಾಗಬೇಕು.

ಸರ್ಟಿಫಿಕೇಟ್‌ಗಳ ವಿಷಯದಲ್ಲಿ ಎಚ್ಚರ. ಬಾವಿ ನಿಯಂತ್ರಣಕ್ಕೆ ಐಡಬ್ಲ್ಯೂಸಿಎಫ್ ಮತ್ತು ಐಎಡಿಸಿ ಎನ್ನುವ ಸಂಸ್ಥೆಗಳ ಸರ್ಟಿಫಿಕೇಟ್‌ಗಳಿವೆ. ಸಮುದ್ರದ ಕೆಲಸಕ್ಕೆ ಬೊಸಿಯೆಟ್ ಎನ್ನುವ ತರಬೇತಿ ಇದೆ. ಅದರಲ್ಲಿ ಹೆಲಿಕಾಪ್ಟರ್‌ನ ಮಾದರಿಯನ್ನು ನೀರಲ್ಲಿ ಮಗುಚಿ ಹಾಕಿ ಹೊರಬರಲು ಕಲಿಸುತ್ತಾರೆ. ಎಲ್ಲವೂ ಒಳ್ಳೆಯವೇ. ಆದರೆ ಇವಕ್ಕೆ ಅವಧಿ ಇರುತ್ತದೆ, ಮುಗಿದ ಮೇಲೆ ಮತ್ತೆ ಮಾಡಬೇಕು. ಸಾಮಾನ್ಯವಾಗಿ ಕೆಲಸ ಕೊಟ್ಟವರೇ ಖರ್ಚು ಹಾಕಿ ಕಳಿಸುತ್ತಾರೆ. ಕೆಲಸದ ಪತ್ರ ಕೈಗೆ ಬರುವ ಮೊದಲೇ ಸಾಲ ಮಾಡಿ ಇವನ್ನು ಕೊಳ್ಳಬೇಡಿ. ಇದನ್ನು ಮಾಡಿಕೊಂಡರೆ ಕೆಲಸ ಗ್ಯಾರಂಟಿ ಎನ್ನುವವರಿಂದ ಹತ್ತು ಅಡಿ ದೂರ ಇರಿ.

ಹೆಜ್ಜೆ 9: ಕೊನೆಯ ವರ್ಷ

ಐಚ್ಛಿಕ ವಿಷಯಗಳಲ್ಲಿ ಒಂದನ್ನಾದರೂ ತೈಲದಿಂದ ಆಚೆ ಹೋಗುವ ಬಾಗಿಲಾಗಿ ಇಟ್ಟುಕೊಳ್ಳಿ. ಭೂಶಾಖದ ವಿದ್ಯುತ್‌ಗೂ ಬಾವಿ ಕೊರೆಯಬೇಕು. ಇಂಗಾಲದ ಡೈಆಕ್ಸೈಡ್ ಅನ್ನು ನೆಲದಡಿ ಹೂಳುವುದಕ್ಕೂ ಪೊರಾಸಿಟಿ, ಮುಚ್ಚಳದ ಬಂಡೆ, ಒತ್ತಡ ಇವೇ ಬೇಕು. ನಾರ್ವೆಯ ಸ್ಲೈಪ್ನರ್ ಅನಿಲ ಕ್ಷೇತ್ರದಲ್ಲಿ 1996ರಿಂದ ಇದನ್ನು ಮಾಡುತ್ತಿದ್ದಾರೆ. ಹಳೆಯ ಬಾವಿಗಳನ್ನು ಸರಿಯಾಗಿ ಮುಚ್ಚುವುದು, ಮೀಥೇನ್ ಸೋರಿಕೆ ಹಿಡಿಯುವುದು ಇವೂ ಕೆಲಸಗಳೇ. ತೈಲದ ಬೆಲೆ ಏರಿದರೂ ಇಳಿದರೂ ಇವು ಉಳಿಯುತ್ತವೆ.

ಪ್ರಾಜೆಕ್ಟ್‌ಗೆ ಯಾರೋ ಮಾಡಿದ್ದನ್ನೇ ನಕಲು ಹೊಡೆಯಬೇಡಿ. ನಾರ್ವೆಯ ವೋಲ್ವೆ ತೈಲ ಕ್ಷೇತ್ರ 2008ರಿಂದ 2016ರವರೆಗೆ ಉತ್ಪಾದನೆ ಮಾಡಿತು. ಅದನ್ನು ನಡೆಸಿದ ಈಕ್ವಿನಾರ್ ಕಂಪನಿ 2018ರಲ್ಲಿ ಅದರ ಸುಮಾರು 40,000 ಕಡತಗಳನ್ನು ವಿದ್ಯಾರ್ಥಿಗಳಿಗೆ, ಸಂಶೋಧಕರಿಗೆ ಬಿಟ್ಟುಕೊಟ್ಟಿತು. ಲಾಗ್‌ಗಳು, ಡ್ರಿಲ್ಲಿಂಗ್ ವರದಿಗಳು, ಬಾವಿವಾರು ಉತ್ಪಾದನೆ ಎಲ್ಲ ಇದೆ. 2012ಕ್ಕಿಂತ ಮೊದಲೇ ಉತ್ಪಾದನೆ ಶುರುವಾಗಿದ್ದ ಒಂದು ಬಾವಿ ಆರಿಸಿಕೊಳ್ಳಿ. 2012ರವರೆಗಿನ ಅಂಕಿ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಮುಚ್ಚಿಡಿ. ಇಳಿತದ ಗೆರೆ ಎಳೆದು ಮುಂದಿನ ನಾಲ್ಕು ವರ್ಷ ಆ ಬಾವಿ ಎಷ್ಟು ಕೊಡಬಹುದು ಎಂದು ಬರೆಯಿರಿ. ಆಮೇಲೆ ಮುಚ್ಚಿಟ್ಟದ್ದನ್ನು ತೆರೆದು ನೋಡಿ. ನಿಮ್ಮ ಗೆರೆ ತಪ್ಪಿರುತ್ತದೆ, ಬಹುತೇಕ ಖಂಡಿತ. ಎಲ್ಲಿ ತಪ್ಪಿತು, ಆ ತಿಂಗಳು ಬಾವಿಯಲ್ಲಿ ಏನಾಗಿತ್ತು, ನೀರು ಬಂತೋ, ಬಾವಿ ಮುಚ್ಚಿದ್ದರೋ, ಒತ್ತಡ ಏನು ಹೇಳುತ್ತಿತ್ತು ಎಂದು ಒಂದು ಪುಟದಲ್ಲಿ ಬರೆಯಿರಿ. ಸಂದರ್ಶನಕ್ಕೆ ಹೋಗುವಾಗ ಅಂಕಪಟ್ಟಿಯ ಜೊತೆ ಆ ಪುಟವನ್ನೂ ಇಟ್ಟುಕೊಂಡು ಹೋಗಿ.